ಭಂಗಿ ಮತ್ತು ಗೀಳುರೋಗ: ಒಂದು ಚಿಕಿತ್ಸಾವಾದದ ಪೂರ್ವೋತ್ತರ

ಪ್ಯಾರಿಸಿನ ವೈದ್ಯನಾದ ಎಸ್ಕಿರೋಲನು 1838ರಲ್ಲಿ ಪ್ರಕಟಿಸಿದ ಮನೋರೋಗಗ್ರಂಥದಲ್ಲಿ ಎಫ್. ಎಂಬ ಒಂದಕ್ಷರದಿಂದ ಮಾತ್ರ ಸೂಚಿತಳಾದ ಸ್ತ್ರೀಯೊಬ್ಬಳ ವೃತ್ತಾಂತವಿದೆ. ಆಗ ಆಕೆಗೆ 34 ವರ್ಷ ವಯಸ್ಸು. ಹದಿನೆಂಟರ ಪ್ರಾಯದಲ್ಲಿ ಒಂದು ದಿನ ಬಂಧುವೊಬ್ಬಳ ಮನೆಯಿಂದ ಹೊರಟಾಗ, ಆ ಮನೆಗೆ ಸೇರಿದ ಯಾವುದಾದರೊಂದು ವಸ್ತು ತನಗೆ ತಿಳಿಯದೆಯೇ ಉಡುಪಿನ ಜೇಬಿನಲ್ಲಿ ಬಂದುಬಿಟ್ಟಿರಬಹುದೆಂಬ ಅಳುಕು ಆಕೆಯ ಮನಸ್ಸನ್ನು ಹೊಕ್ಕಿತು. ಕೆಲವು ಕಾಲದ ಮೇಲೆ, ಲೆಕ್ಕ ಬರೆಯುವಾಗ ಅಂಕಿ ತಪ್ಪಿ ಇತರರಿಗೆ ನಷ್ಟವಾದೀತೆಂಬ ಅಳುಕು. ನಾಣ್ಯವನ್ನು ಮುಟ್ಟಿದರೆ ಬೆಲೆಯುಳ್ಳದ್ದೇನಾದರೂ ಬೆರಳಿಗೆ ಅಂಟಿಕೊಂಡೀತೆಂಬ ಅಳುಕು. ಕೈಯನ್ನು ಕೊಡಹುವುದು, ತಿಕ್ಕುವುದು, ತೊಳೆಯುವುದು, ಮತ್ತೆ ನೋಡುವುದು, ಇವುಗಳಲ್ಲಿಯೇ ಹೊತ್ತು ಕಳೆಯುತ್ತಿದ್ದಿತು. ಈ ಭಯಗಳಿಗೆ ಆಧಾರವಿಲ್ಲವೆಂಬುದನ್ನು ಆಕೆ ಬಲ್ಲಳು. ಅವನ್ನು ಕುರಿತು ತಾನೇ ನಗುವಳು. ಆದರೂ ಅವುಗಳಿಂದ ಬಿಡಿಸಿಕೊಳ್ಳಲಾರಳು.

ಕನ್ನಡದಲ್ಲಿ ಇಂದು ಗೀಳುರೋಗವೆಂದು ಕರೆಯಲ್ಪಡುವ ವ್ಯಾಧಿಯ ಲಕ್ಷಣಗಳೆಲ್ಲವೂ ಈ ವೃತ್ತಾಂತದಲ್ಲಿ ಅಡಗಿವೆ. ಬೇಡವೆಂದರೂ ಬರುವ ಯೋಚನೆ, ಆ ಯೋಚನೆಯ ಕಾಟವನ್ನು ತಗ್ಗಿಸಿಕೊಳ್ಳಲು ಮತ್ತೆ ಮತ್ತೆ ಮಾಡುವ ಕ್ರಿಯೆ, ಎರಡೂ ನಿರರ್ಥಕವೆಂಬ ಅರಿವು, ಈ ಮೂರೂ ಕೂಡಿದುದೇ ಆ ರೋಗ. ಜರ್ಮನ್ ವೈದ್ಯನಾದ ವೆಸ್ಟ್‌ಫಾಲನು 1877ರಲ್ಲಿ ಇದಕ್ಕೆ ಲಕ್ಷಣವಾಕ್ಯವನ್ನು ರಚಿಸುವಾಗ, ಬುದ್ಧಿಯು ಕೆಡದಿರುವಿಕೆಯನ್ನೂ ರೋಗಿಯ ಇಚ್ಛೆಗೆ ವಿರೋಧವಾಗಿ ಯೋಚನೆಯು ನುಗ್ಗುವಿಕೆಯನ್ನೂ ಮುಖ್ಯವಾಗಿ ಹಿಡಿದನು. ಆತನು ಬಳಸಿದ ಜರ್ಮನ್ ಶಬ್ದದ ಮೊದಲ ಭಾಗಕ್ಕೆ ಬಲಾತ್ಕಾರವೆಂದು ಅರ್ಥ. ಅದನ್ನು ಇಂಗ್ಲಿಷಿಗೆ ತರುವಾಗ ಇಂಗ್ಲೆಂಡಿನವರು ಒಂದು ಪದವನ್ನೂ ಅಮೆರಿಕೆಯವರು ಮತ್ತೊಂದನ್ನೂ ಆಯ್ದುಕೊಂಡುದರಿಂದ, ಕೊನೆಗೆ ಎರಡನ್ನೂ ಜೋಡಿಸಿ ‘ಆಬ್ಸೆಸಿವ್ ಕಂಪಲ್ಸಿವ್’ ಎಂಬ ಜಂಟಿ ಹೆಸರು ನಿಂತಿತು. ಕನ್ನಡದ ಗೀಳು ಎಂಬ ಒಂದೇ ಪದವು ಯೋಚನೆ, ಕ್ರಿಯೆ ಎರಡಕ್ಕೂ ಸಲ್ಲುವುದನ್ನು ನೋಡಿದರೆ, ಈ ವಿಷಯದಲ್ಲಿ ನಮ್ಮ ಆಡುಮಾತಿಗೆ ತೊಡಕು ಕಡಮೆ.

ಈ ರೋಗಕ್ಕೆ ಭಂಗಿಯು (ಅದೇ ಗಿಡದ ಗಾಂಜಾ, ಚರಸ್ಸುಗಳೂ ಸೇರಿ) ಮದ್ದಾಗಬಹುದೆ ಎಂಬ ಪ್ರಶ್ನೆ ಈಚಿನದೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಅದು ಸರಿಯಲ್ಲ. ಪ್ರಶ್ನೆಯ ಬೀಜವು ಎಸ್ಕಿರೋಲನ ಶಿಷ್ಯವರ್ಗದಲ್ಲಿಯೇ ಬಿದ್ದಿತು. ಅಲ್ಲಿ ದೊರೆತ ಉತ್ತರವೂ ಇಂದಿಗೆ ಮರೆಯತಕ್ಕುದಲ್ಲ.

ಎಸ್ಕಿರೋಲನಿಗೆ ಮೊರೋ ಎಂಬ ಶಿಷ್ಯನಿದ್ದನು. ಟೂರ್ ಪಟ್ಟಣದ ಸಂಬಂಧದಿಂದ ‘ಮೊರೋ ದ ಟೂರ್’ ಎಂದು ಪ್ರಸಿದ್ಧನಾದನು. ಸಿರಿವಂತ ರೋಗಿಗಳಿಗೆ ದೂರದೇಶಗಳ ಪ್ರಯಾಣವೂ ಒಂದು ಚಿಕಿತ್ಸೆಯೆಂಬುದು ಆ ಗುರುವಿನ ಮತ. ಹಾಗೆ ರೋಗಿಗಳೊಡನೆ ಹೊರಟ ಮೊರೋ 1837ರಿಂದ 1840ರ ವರೆಗೆ ಈಜಿಪ್ಟು ಮೊದಲಾದ ಪೂರ್ವದೇಶಗಳನ್ನು ಸಂಚರಿಸಿ, ಅಲ್ಲಿಯ ಜನರು ಸೇವಿಸುವ ಹಶೀಷ್ ಎಂಬ ಭಂಗಿಯ ಪಾಕವನ್ನು ಕಂಡು, ಊರಿಗೆ ಮರಳಿದ ಮೇಲೆ ಅದನ್ನು ತಾನೇ ತಿಂದು ಪರೀಕ್ಷಿಸಿದನು. ಹುಚ್ಚನ್ನು ಹೊರಗಿನಿಂದ ನೋಡಿ ಬರೆಯುವವನು ಕುರುಡನಂತೆ ಬರೆಯುವನು, ಒಳಹೊಕ್ಕು ನೋಡಿದವನೇ ಬಲ್ಲನು ಎಂಬುದು ಆತನ ನಿಲುವು. 1845ರಲ್ಲಿ ಅಚ್ಚಾದ ಆತನ ಗ್ರಂಥವು ಹಶೀಷನ್ನೂ ಚಿತ್ತವಿಕಾರವನ್ನೂ ಒಟ್ಟಿಗೆ ವಿಚಾರಮಾಡುತ್ತದೆ.

ಈ ಗ್ರಂಥದಲ್ಲಿ ಮೊರೋ ಭಂಗಿಯ ಪರಿಣಾಮಗಳನ್ನು ಎಂಟಾಗಿ ವಿಂಗಡಿಸಿದ್ದಾನೆ. ಅಕಾರಣವಾದ ಸಂತೋಷ, ಯೋಚನೆಗಳ ಕೊಂಡಿ ಕಳಚುವಿಕೆ, ದೇಶಕಾಲಗಳ ಅಳತೆ ತಪ್ಪುವಿಕೆ, ಶ್ರವಣದ ತೀಕ್ಷ್ಣತೆ ಮೊದಲಾದುವು ಲೋಕಪ್ರಸಿದ್ಧವಾದುವೇ. ಪ್ರಕೃತ ವಿಷಯಕ್ಕೆ ಬೇಕಾದುವು ಎರಡು: ಅಚಲವಾಗಿ ನೆಲೆಗೊಳ್ಳುವ ಯೋಚನೆ ಒಂದು, ತಡೆಯಲಾಗದ ಪ್ರೇರಣೆ ಮತ್ತೊಂದು. ಎರಡನೆಯದಕ್ಕೆ ಆತನು ತನ್ನ ಅನುಭವವನ್ನೇ ಹೇಳಿದ್ದಾನೆ. ಕೊಠಡಿಯ ಕಿಟಕಿ ತೆರೆದಿದ್ದಿತು. ಬೇಕೆಂದರೆ ಅದರಿಂದ ಹೊರಕ್ಕೆ ಧುಮುಕಬಹುದಲ್ಲ ಎಂಬ ಯೋಚನೆ ಬಂದಿತು. ಧುಮುಕುವ ಮನಸ್ಸು ಇಲ್ಲವೆಂಬುದು ತನಗೆ ಗೊತ್ತು. ಆದರೂ ಧುಮುಕಬೇಕೆಂಬ ಯೋಚನೆ ಎಲ್ಲಿ ಬಂದುಬಿಡುವುದೋ ಎಂಬ ಭಯದಿಂದ ಕಿಟಕಿಯನ್ನು ಮುಚ್ಚುವಂತೆ ಬೇಡಿಕೊಂಡನು. ಅಮಲು ಇನ್ನಷ್ಟು ಏರಿದ್ದರೆ ಆ ಪ್ರೇರಣೆಗೆ ತಾನು ಒಳಗಾಗುತ್ತಿದ್ದೆನೆಂದು ಒಳಗೊಳಗೆ ತೋರಿತೆಂದೂ ಬರೆದಿದ್ದಾನೆ.

ಈ ಭಾಗವನ್ನು ಓದಿದವರು ಸಾಮಾನ್ಯವಾಗಿ ಇದನ್ನು ಮತ್ತಿನ ಚಮತ್ಕಾರವೆಂದು ದಾಟಿಹೋಗುತ್ತಾರೆ. ಆದರೆ ಎಫ್. ಎಂಬ ಸ್ತ್ರೀಯ ವೃತ್ತಾಂತದ ಪಕ್ಕದಲ್ಲಿಟ್ಟು ನೋಡಿದರೆ ಎರಡರ ರಚನೆಯೂ ಒಂದೇ. ಕೃತ್ಯವು ನಡೆಯದೆಂಬ ಅರಿವು, ನಡೆದುಬಿಟ್ಟೀತೆಂಬ ಅಳುಕು, ಅಳುಕನ್ನು ತಣಿಸುವ ಒಂದು ಕ್ರಿಯೆ: ಅಲ್ಲಿ ಕೈ ತೊಳೆಯುವುದು, ಇಲ್ಲಿ ಕಿಟಕಿ ಮುಚ್ಚಿಸುವುದು. ತಾಯಿಯೊಬ್ಬಳು ತನ್ನ ಮಗುವಿಗೆ ತಾನೇ ಕೇಡು ಮಾಡಿಬಿಟ್ಟೇನೆಂದು ಹೆದರಿ ಚಾಕುಗಳನ್ನೆಲ್ಲ ಬಚ್ಚಿಡುವಂತಹ ಪ್ರಸಂಗಗಳು ಈ ರೋಗದ ಚಿಕಿತ್ಸಕರಿಗೆ ಚಿರಪರಿಚಿತ. ಎಂದರೆ, ಆರೋಗ್ಯವಂತನೊಬ್ಬನಲ್ಲಿ ಗೀಳುರೋಗದ ಕಿರುಪ್ರತಿಮೆಯನ್ನು ಭಂಗಿಯು ಕೆಲವು ಗಳಿಗೆಯ ಮಟ್ಟಿಗೆ ಹುಟ್ಟಿಸಬಲ್ಲುದೆಂಬುದಕ್ಕೆ, ಆ ರೋಗಕ್ಕೆ ಇನ್ನೂ ಹೆಸರು ನಿಲ್ಲದಿದ್ದ ಕಾಲದಲ್ಲಿಯೇ ಒಬ್ಬ ಚಿತ್ತವೈದ್ಯನ ಸ್ವಾನುಭವದ ಸಾಕ್ಷ್ಯವಿದೆ.

ಹೀಗಿದ್ದೂ ಮೊರೋ ಅದನ್ನು ಔಷಧವಾಗಿ ಪ್ರಯೋಗಿಸಿದನು. ವಿಷಾದರೋಗಿಗಳ ಮನಸ್ಸು ಒಂದೇ ಯೋಚನೆಗೆ ಕಚ್ಚಿಕೊಂಡಿರುವುದು. ಭಂಗಿಯಾದರೋ ಯೋಚನೆಗಳ ಸರಪಣಿಯನ್ನು ಕಡಿದು ಚೆಲ್ಲಾಪಿಲ್ಲಿ ಮಾಡುವುದು. ಆದುದರಿಂದ ಒಂದನ್ನು ಇನ್ನೊಂದರಿಂದ ಸಡಿಲಿಸಬಹುದೆಂದು ಆತನು ಬಗೆದನು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯವೂ ಆತನಿಗೆ ಹಿಡಿಸಿದ್ದಿತು. ಫಲವೇನಾಯಿತು? ರೋಗಿಗಳು ಸ್ವಲ್ಪ ಹೊತ್ತು ನಕ್ಕು ನಲಿದು, ಅಮಲು ಇಳಿದ ಮೇಲೆ ಮೊದಲಿನ ಸ್ಥಿತಿಗೇ ಮರಳಿದರು. ತನ್ನ ಊಹೆ ತಪ್ಪಾಗಿರಬಹುದೆಂದು ಮೊರೋ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಈ ಒಪ್ಪಿಗೆಯನ್ನು ಮುಂದಿನವರು ಗಮನಿಸಲಿಲ್ಲ. ಗೋತಿಯೇ, ಬೋದಲೇರ್ ಮೊದಲಾದ ಕವಿಗಳ ಭಂಗಿಗೋಷ್ಠಿಗೆ ಆತನು ನಂಟನಾದುದೇ ಸಾಹಿತ್ಯಚರಿತ್ರೆಯಲ್ಲಿ ದೊಡ್ಡದಾಗಿ ಉಳಿಯಿತು. ಪಿಮೋದಾಂ ಎಂಬ ಆ ಗೋಷ್ಠಿಯ ಮನೆಯ ವರ್ಣನೆಗಳಿಗೆ ಸಿಕ್ಕಿದ ಓದುಗರು ಆಸ್ಪತ್ರೆಯ ಟಿಪ್ಪಣಿಗಳಿಗೆ ಸಿಕ್ಕಲಿಲ್ಲ.

ಮೊರೋ ಪೂರ್ವದೇಶಗಳಿಂದ ಮರಳುವ ಹೊತ್ತಿಗೆ, ಭಂಗಿಯ ತವರಾದ ಭಾರತದಲ್ಲಿಯೂ ಪಾಶ್ಚಾತ್ಯರೀತಿಯ ಪರೀಕ್ಷೆ ಆರಂಭವಾಗಿದ್ದಿತು. ಅದನ್ನು ಹೇಳುವ ಮೊದಲು ಇಲ್ಲಿಯ ಪ್ರಾಚೀನ ಶಾಸ್ತ್ರಗಳನ್ನು ನೋಡತಕ್ಕುದು; ಏಕೆಂದರೆ ಈಗಿನ ಪ್ರಚಾರಕರು ಅವುಗಳ ಹೆಸರನ್ನು ಧಾರಾಳವಾಗಿ ಬಳಸುತ್ತಾರೆ. ಅಥರ್ವವೇದದ ಹನ್ನೊಂದನೆಯ ಕಾಂಡದ ಒಂದು ಮಂತ್ರದಲ್ಲಿ ಸೋಮ, ದರ್ಭೆ, ಯವಗಳ ಸಾಲಿನಲ್ಲಿ ಭಂಗವೂ ಬಂದು, ಇವು ಅಂಹಸ್ಸಿನಿಂದ ಬಿಡಿಸಲಿ ಎಂಬ ಪ್ರಾರ್ಥನೆಯಿದೆ. ಅಂಹಸ್ಸೆಂದರೆ ಇಕ್ಕಟ್ಟು, ಸಂಕಟ. ಕಳವಳವನ್ನು ಹೇಳುವ ಲ್ಯಾಟಿನ್ ಶಬ್ದಗಳೂ ಜರ್ಮನಿನ ‘ಆಂಗ್ಸ್ಟ್’ ಎಂಬುದೂ ಇದೇ ಧಾತುಮೂಲದ ಸೋದರರೆಂಬುದು ಭಾಷಾಶಾಸ್ತ್ರಜ್ಞರಿಗೆ ಹೊಸದಲ್ಲ. ಇಷ್ಟರಿಂದ ವೇದಕಾಲದಲ್ಲಿ ಕಳವಳಕ್ಕೆ ಭಂಗಿಯು ಮದ್ದಾಗಿದ್ದಿತೆಂದು ಸಾಧಿಸಹೊರಡುವುದು ಅತಿಸಾಹಸ. ಅದೇ ಮಾತಿನಿಂದ ದರ್ಭೆಯೂ ಯವವೂ ಮನೋರೋಗದ ಮದ್ದುಗಳಾಗಬೇಕಾಗುವುದು. ಮಂತ್ರವು ಪ್ರಾರ್ಥನೆ, ಯೋಗಪಟ್ಟಿಯಲ್ಲ.

ಯೋಗಪಟ್ಟಿಗಳು ಬೇಕಾದರೆ ವೈದ್ಯಗ್ರಂಥಗಳಿವೆ. ಹದಿನಾರನೆಯ ಶತಮಾನದ ಭಾವಪ್ರಕಾಶವು ಭಂಗಿಯನ್ನು ಕಫಹರ, ಗ್ರಾಹಿ, ಪಾಚಕವೆಂದು ಹೊಗಳಿ, ಅದೇ ಉಸಿರಿನಲ್ಲಿ ಮೋಹವನ್ನೂ ಮದವನ್ನೂ ಮಾತನ್ನೂ ಜಠರಾಗ್ನಿಯನ್ನೂ ಹೆಚ್ಚಿಸತಕ್ಕುದೆಂದು ಹೇಳುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಅಪಸ್ಮಾರದ ಅಧ್ಯಾಯದ ಕೊನೆಯಲ್ಲಿ, ಅತತ್ತ್ವಾಭಿನಿವೇಶವೆಂಬ ಮಹಾವ್ಯಾಧಿಯ ಪ್ರಸ್ತಾಪವಿದೆ. ಇದನ್ನೇ ಗೀಳುರೋಗವೆಂದು ಗುರುತಿಸುವ ವಿದ್ವಾಂಸರುಂಟು. ಹೋಲಿಕೆ ಅರ್ಧಮಾತ್ರ ಸರಿ: ಅತತ್ತ್ವಾಭಿನಿವಿಷ್ಟನು ಅಹಿತವನ್ನು ಹಿತವೆಂದು ನಂಬಿಯೇ ಇರುವನು, ಗೀಳುರೋಗಿಯು ನಂಬದೆಯೂ ಬಿಡಲಾರನು. ಅದೇನೇ ಇರಲಿ, ಚರಕನು ಅಲ್ಲಿ ವಿಧಿಸಿರುವುದು ಬ್ರಾಹ್ಮೀರಸದೊಡನೆ ಪಂಚಗವ್ಯಘೃತ, ಶಂಖಪುಷ್ಪಿ, ಮತ್ತು ಆಪ್ತರಾದ ಸ್ನೇಹಿತರು ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳಲ್ಲಿ ರೋಗಿಯನ್ನು ತೊಡಗಿಸುವಿಕೆ. ಭಂಗಿಯ ಹೆಸರು ಅಲ್ಲಿಲ್ಲ. ಮೋಹವನ್ನು ಬೆಳೆಸುವುದೆಂದು ಶಾಸ್ತ್ರವೇ ಹೇಳುವ ದ್ರವ್ಯವನ್ನು ಮೋಹಕ್ಕೆ ಮದ್ದೆಂದು ಅದೇ ಶಾಸ್ತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಈಗ ಕಲ್ಕತ್ತೆಗೆ ಬರಬಹುದು. ಅಲ್ಲಿಯ ವೈದ್ಯಕಾಲೇಜಿನಲ್ಲಿದ್ದ ಐರಿಷ್ ವೈದ್ಯನಾದ ಓಶಾಗ್ನೆಸ್ಸಿ 1839ರಲ್ಲಿ ಭಂಗಿಯನ್ನು ಕುರಿತ ಪ್ರಬಂಧವನ್ನು ಬಂಗಾಳದ ವೈದ್ಯಸಂಘದ ಮುಂದೆ ಓದಿದನು. ಸಂಸ್ಕೃತಗ್ರಂಥಗಳ ವಿಚಾರದಲ್ಲಿ ಆತನಿಗೆ ನೆರವಾದವರಲ್ಲಿ ಪಂಡಿತ ಮಧುಸೂದನ ಗುಪ್ತನೂ ಒಬ್ಬನು. 1836ರಲ್ಲಿ ಆ ಕಾಲೇಜಿನಲ್ಲಿ ಶವಚ್ಛೇದಕ್ಕೆ ಕೈಹಾಕಿ ಪ್ರಸಿದ್ಧನಾದವನು ಈತನೇ. ಮೊದಲು ಪ್ರಾಣಿಗಳ ಮೇಲೆ, ಅನಂತರ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಧನುರ್ವಾಯುವಿನ ಸೆಟೆತ, ಎಳೆಗೂಸಿನ ಅಪಸ್ಮಾರ, ಸಂಧಿವಾತದ ನೋವು, ಇವುಗಳಲ್ಲಿ ಶಮನವನ್ನು ಕಂಡನು. ಚಿತ್ತರೋಗಕ್ಕೆ ಮದ್ದೆಂಬ ಮಾತು ಆತನ ಪ್ರಬಂಧದಲ್ಲಿಲ್ಲ. ಬದಲಾಗಿ ಎಚ್ಚರತಪ್ಪಿ ಸೇವಿಸಿದವರಿಗೆ ಬರುವ ವಿಲಕ್ಷಣವಾದ ಭ್ರಮೆಯ ವರ್ಣನೆಯಿದೆ. 1841ರಲ್ಲಿ ಆತನು ಇಂಗ್ಲೆಂಡಿಗೆ ಹೋದಾಗ ಗಿಡವನ್ನೂ ಕೊಂಡೊಯ್ದನು. ಲಂಡನ್ನಿನ ಔಷಧಿಕಾರರು ಅದರಿಂದ ಸತ್ತ್ವವನ್ನು ಇಳಿಸಿ ಮಾರತೊಡಗಿದರು.

ಆ ಸತ್ತ್ವದ ದೊಡ್ಡ ದೋಷವೆಂದರೆ ಬಲವು ಸೀಸೆಯಿಂದ ಸೀಸೆಗೆ ಬೇರೆಯಾಗುತ್ತಿದ್ದುದು. ನಿನ್ನೆ ಏನೂ ಮಾಡದ ಪ್ರಮಾಣವು ಇಂದು ಬುದ್ಧಿಗೆಡಿಸುವುದು. 1870ರಲ್ಲಿ ಕ್ಲೌಸ್ಟನ್ ಎಂಬ ಚಿತ್ತವೈದ್ಯನು ಭಂಗಿಯನ್ನು ಬ್ರೋಮೈಡ್ ಲವಣದೊಡನೆ ಬೆರೆಸಿ ಉನ್ಮಾದಿಗಳಿಗೆ ಕೊಟ್ಟು, ಎರಡೂ ಕೂಡಿದರೆ ಒಂದೊಂದಕ್ಕಿಂತ ಹೆಚ್ಚು ಶಮನವಾಗುವುದೆಂದು ಅಳೆದು ತೋರಿಸಿದನು. ರೆನಾಲ್ಡ್ಸ್ ಎಂಬವನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟ ತನ್ನ ಅನುಭವವನ್ನು 1890ರಲ್ಲಿ ಬರೆದು, ನೋವು ನಿದ್ರಾನಾಶಗಳಲ್ಲಿ ಅದನ್ನು ಹೊಗಳಿ, ಪ್ರಮಾಣದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಹೇಳಿದನು. ಈತನು ವಿಕ್ಟೋರಿಯಾ ರಾಣಿಗೂ ಭಂಗಿಯನ್ನು ಕೊಟ್ಟನೆಂಬ ಕಥೆ ಎಲ್ಲೆಡೆಯೂ ಹರಡಿದೆ. ಅದಕ್ಕೆ ಪ್ರಮಾಣವು ದೊರೆತಿಲ್ಲ.

ಇತ್ತ ಭಾರತದಲ್ಲಿ ಪ್ರಶ್ನೆಯು ತಲೆಕೆಳಗಾಗಿದ್ದಿತು. ಭಂಗಿಯು ಹುಚ್ಚಿಗೆ ಮದ್ದೇ ಎಂದಲ್ಲ, ಹುಚ್ಚಿಗೆ ಕಾರಣವೇ ಎಂಬುದು ಇಲ್ಲಿಯ ವಿವಾದ. ಹುಚ್ಚಾಸ್ಪತ್ರೆಗಳ ವಾರ್ಷಿಕ ವರದಿಗಳಲ್ಲಿ ‘ಗಾಂಜಾ’ ಎಂಬ ಕಾರಣವು ವರ್ಷವರ್ಷವೂ ತುಂಬಿರುತ್ತಿದ್ದಿತು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದು 1893ರಲ್ಲಿ ವಿಚಾರಣಾಮಂಡಲಿಯೊಂದು ನೇಮಕವಾಯಿತು. ಅದು 1193 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು 1894ರಲ್ಲಿ ವರದಿಯನ್ನು ಒಪ್ಪಿಸಿತು. ಈ ವರದಿಯ ಹುಚ್ಚಾಸ್ಪತ್ರೆಯ ಭಾಗವು ಇತಿಹಾಸಕಾರರು ಮನಸ್ಸಿಟ್ಟು ಓದತಕ್ಕ ಭಾಗ. ದಾಖಲೆಯಲ್ಲಿ ಕಾರಣವನ್ನು ಬರೆದವರು ಯಾರೆಂದು ಮಂಡಲಿಯು ಬೆನ್ನಟ್ಟಿ ಹೋಯಿತು. ರೋಗಿಯನ್ನು ಹಿಡಿದು ತಂದ ಪೋಲೀಸಿನವನು ಅವನು ಗಾಂಜಾ ಸೇದುತ್ತಿದ್ದನೆಂದು ಯಾರಿಂದಲೋ ಕೇಳಿ ಬರೆದುಕೊಂಡಿರುವನು. ಅದು ಮ್ಯಾಜಿಸ್ಟ್ರೇಟರ ಕಾಗದದಲ್ಲಿ ಸೇರುವುದು. ಆಸ್ಪತ್ರೆಯ ಗುಮಾಸ್ತನು ಅದನ್ನೇ ಪುಸ್ತಕಕ್ಕೆ ಇಳಿಸುವನು. ಪುಸ್ತಕದಿಂದ ಅಂಕಿ ಅಂಶಗಳು ಹುಟ್ಟುವುವು. ಅಂಕಿಗಳನ್ನು ಕಂಡು ವೈದ್ಯನೂ ನಂಬುವನು. 1892ರಲ್ಲಿ ಸೇರಿದ 1344 ರೋಗಿಗಳಲ್ಲಿ 222 ಮಂದಿಗೆ ಭಂಗಿಯೇ ಕಾರಣವೆಂದು ಬರೆದಿದ್ದಿತು. ಒಂದೊಂದನ್ನೂ ಅದರ ಮೂಲದ ವರೆಗೆ ವಿಚಾರಿಸಿದ ಮೇಲೆ ಉಳಿದುವು 98 ಮಾತ್ರ; ಇವುಗಳಲ್ಲಿಯೂ ಬೇರೆ ಕಾರಣದ ಬೆರಕೆಯಿಲ್ಲದುವು 61. ಭಂಗಿಯ ಅತಿಸೇವನೆಯು ಬುದ್ಧಿಭ್ರಮಣೆಗೆ ಕಾರಣವಾಗಬಹುದೆಂಬುದನ್ನು ಮಂಡಲಿಯು ನಿರಾಕರಿಸಲಿಲ್ಲ. ‘ಇದರಿಂದ ಇದು’ ಎಂದು ಬರೆದ ಮಾತ್ರಕ್ಕೆ ಇದರಿಂದ ಇದಾಗುವುದಿಲ್ಲವೆಂಬುದನ್ನು ಅದು ಎಣಿಸಿ ತೋರಿಸಿತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಔಷಧವಾಗಿ ಭಂಗಿಯ ಕಥೆ ಹೆಚ್ಚು ಕಡಮೆ ಮುಗಿಯಿತು. 1925ರ ಜಿನೀವಾ ಒಪ್ಪಂದ, ಅಮೆರಿಕೆಯ 1937ರ ತೆರಿಗೆಯ ಕಾನೂನು, 1961ರ ಅಂತರರಾಷ್ಟ್ರೀಯ ಒಪ್ಪಂದ, ಭಾರತದ 1985ರ ಮಾದಕದ್ರವ್ಯ ಶಾಸನ, ಇವು ಒಂದರ ಮೇಲೊಂದು ಬಂದುವು. ಭಾರತದ ಶಾಸನವು ಗಾಂಜಾ ಚರಸ್ಸುಗಳನ್ನು ನಿಷೇಧಿಸಿ, ಹೂತುದಿಯ ಬೆರಕೆಯಿಲ್ಲದ ಬರಿಯ ಎಲೆಯನ್ನು ತನ್ನ ಲಕ್ಷಣವಾಕ್ಯದಿಂದ ಹೊರಗಿಟ್ಟಿದೆ. ಈ ನಡುವೆ ಗೀಳುರೋಗಕ್ಕೆ ಬೇರೆ ದಿಕ್ಕಿನಿಂದ ನೆರವು ಬಂದಿತು. 1966ರಲ್ಲಿ ಮೇಯರ್ ಎಂಬ ಲಂಡನ್ನಿನ ಮನಶ್ಶಾಸ್ತ್ರಜ್ಞನು, ರೋಗಿಯು ಹೆದರುವ ವಸ್ತುವಿಗೆ ಅವನನ್ನು ಎದುರಾಗಿಸಿ, ಕೈತೊಳೆಯುವಿಕೆಯೇ ಮೊದಲಾದ ಕ್ರಿಯೆಗಳನ್ನು ತಡೆದು, ಅಳುಕು ತಾನಾಗಿ ಇಳಿಯುವುದನ್ನು ಕಲಿಸುವ ಕ್ರಮವನ್ನು ಪ್ರಕಟಿಸಿದನು. ಅದೇ ದಶಕದ ಕೊನೆಗೆ ಕ್ಲೋಮಿಪ್ರಮೀನ್ ಎಂಬ ಔಷಧದ ಗುಣವು ಸ್ಪೇನಿನಲ್ಲಿ ಕಂಡುಬಂದಿತು. ಇಂದಿಗೂ ಚಿಕಿತ್ಸೆಗೆ ಈ ಕ್ರಮವೂ ಆ ವರ್ಗದ ಔಷಧಗಳೂ ಆಧಾರ. ಆದರೆ ಎರಡರಿಂದಲೂ ಗುಣವಾಗದವರು ಅನೇಕರಿದ್ದಾರೆ; ಭಂಗಿಯ ಕಡೆಗೆ ಕಣ್ಣು ಹೊರಳುವುದು ಅವರ ಸಂಕಟದಿಂದ.

ಆ ಕಣ್ಣಿಗೆ ವಿಜ್ಞಾನವೂ ಒಂದಷ್ಟು ಆಸೆ ತೋರಿಸಿದೆ. ಅಮಲಿನ ಸತ್ತ್ವವಾದ ಟಿ. ಎಚ್. ಸಿ.ಯನ್ನು 1964ರಲ್ಲಿ ಇಸ್ರೇಲಿನ ಗಾವೋನಿ, ಮೆಕೌಲಂ ಎಂಬವರು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ನಿರ್ಣಯಿಸಿದರು. ಅದೇ ಗಿಡದ ಕ್ಯಾನಬಿಡಯಾಲ್ ಎಂಬ ಮತ್ತೊಂದು ಸತ್ತ್ವಕ್ಕೆ ಅಮಲಿಲ್ಲ. ಟಿ. ಎಚ್. ಸಿ.ಯು ಹತ್ತಿಕೊಳ್ಳುವ ಗ್ರಾಹಕಗಳು ಮೆದುಳಿನಲ್ಲಿಯೇ ಇವೆಯೆಂದು 1988ರಲ್ಲಿ ತಿಳಿಯಿತು. ಅವು ಮೆದುಳಿನ ತಳದ ಗಂಟುಗಳಲ್ಲಿ ದಟ್ಟವಾಗಿರುವುದು ತರುವಾಯ ಸ್ಪಷ್ಟವಾಯಿತು. ಗೀಳುರೋಗದಲ್ಲಿ ಕೆಡುವ ನರಮಾರ್ಗಗಳು ಹಾಯುವುದೂ ಆ ಗಂಟುಗಳ ಮೂಲಕವೇ. ದೇಹವೇ ಉತ್ಪಾದಿಸುವ, ಭಂಗಿಯಂತೆ ವರ್ತಿಸುವ ದ್ರವ್ಯವೊಂದು 1992ರಲ್ಲಿ ದೊರೆತಾಗ ಶೋಧಕರು ಅದಕ್ಕೆ ಸಂಸ್ಕೃತದ ಆನಂದಶಬ್ದವನ್ನು ಸೇರಿಸಿ ‘ಆನಂದಮೈಡ್’ ಎಂದು ಹೆಸರಿಟ್ಟರು. ಹೆಸರು ಚೆಲುವಾದುದು, ಆದರೆ ಹೆಸರಿನಿಂದ ಚಿಕಿತ್ಸೆ ಸಿದ್ಧಿಸದು.

ಈಚಿನ ಎರಡು ಪರೀಕ್ಷೆಗಳನ್ನು 1894ರ ವರದಿಯ ಬೆಳಕಿನಲ್ಲಿಟ್ಟು ನೋಡಬೇಕು. 2021ರಲ್ಲಿ ಪ್ರಕಟವಾದ ವಾಷಿಂಗ್ಟನ್ ರಾಜ್ಯವಿಶ್ವವಿದ್ಯಾಲಯದ ಲೇಖನವು, ತಮಗೆ ಗೀಳುರೋಗವಿದೆಯೆಂದು ತಾವೇ ಹೇಳಿಕೊಂಡ 87 ಮಂದಿ ಭಂಗಿಸೇವನೆಯ ಮುಂಚೆಯೂ ಬಳಿಕವೂ ತಮ್ಮ ಮೊಬೈಲು ಫೋನುಗಳಲ್ಲಿ ದಾಖಲಿಸಿಕೊಂಡ ಅಂಕಿಗಳನ್ನು ಲೆಕ್ಕಹಾಕಿತು. ಒತ್ತಾಯದ ಕ್ರಿಯೆಗಳು ನೂರಕ್ಕೆ 60ರಷ್ಟೂ, ನುಗ್ಗುವ ಯೋಚನೆಗಳು 49ರಷ್ಟೂ, ಕಳವಳವು 52ರಷ್ಟೂ ಇಳಿದುವಂತೆ. ಈ ಸಂಖ್ಯೆಗಳು ಪತ್ರಿಕೆಗಳಲ್ಲಿ ಓಡಾಡಿದುವು. ಅದೇ ಲೇಖನದ ಇನ್ನೊಂದು ಮಾತು ಅಷ್ಟು ಓಡಾಡಲಿಲ್ಲ: ದಿನಗಳು ಕಳೆದಂತೆ ರೋಗಿಗಳ ಮೂಲಸ್ಥಿತಿಯು ಇದ್ದಲ್ಲಿಯೇ ಇದ್ದಿತು. ಎಂದರೆ, ಮೊರೋ ತನ್ನ ವಿಷಾದರೋಗಿಗಳಲ್ಲಿ ಕಂಡುದೇ ಮರಳಿ ಕಂಡಿತು. ಹೋಲಿಸಲು ಹುಸಿಮದ್ದನ್ನು ಪಡೆದ ಮತ್ತೊಂದು ಗುಂಪು ಅಲ್ಲಿ ಇರಲೂ ಇಲ್ಲ.

ಆ ಹೋಲಿಕೆಯುಳ್ಳ ಪರೀಕ್ಷೆಯು ಅದಕ್ಕೆ ಒಂದು ವರ್ಷ ಮುಂಚೆಯೇ, 2020ರಲ್ಲಿ, ನ್ಯೂಯಾರ್ಕಿನಿಂದ ಪ್ರಕಟವಾಗಿದ್ದಿತು. ಹನ್ನೆರಡು ಮಂದಿ ಗೀಳುರೋಗಿಗಳು ಬೇರೆ ಬೇರೆ ದಿನಗಳಲ್ಲಿ ಟಿ. ಎಚ್. ಸಿ. ಹೆಚ್ಚಿರುವ ಸೊಪ್ಪನ್ನೂ, ಕ್ಯಾನಬಿಡಯಾಲ್ ಹೆಚ್ಚಿರುವುದನ್ನೂ, ಗುಣವಿಲ್ಲದ ಹುಸಿಸೊಪ್ಪನ್ನೂ ಸೇದಿದರು; ಯಾವುದು ಯಾವುದೆಂದು ಅವರಿಗೆ ತಿಳಿಸಿರಲಿಲ್ಲ. ಮೂರು ದಿನಗಳಲ್ಲಿಯೂ ಗೀಳು ಇಳಿಯಿತು. ಮೂರರಲ್ಲಿಯೂ ಒಂದೇ ಸಮನಾಗಿ ಇಳಿಯಿತು. ಕಳವಳವು ಸೇದಿದ ಕೂಡಲೇ ಹೆಚ್ಚು ತಗ್ಗಿದುದು ಹುಸಿಸೊಪ್ಪಿನ ದಿನ. ಹನ್ನೆರಡು ಮಂದಿಯ ಪರೀಕ್ಷೆಯಿಂದ ಕೊನೆಯ ತೀರ್ಪನ್ನು ಕೊಡಲಾಗದು. ಆದರೂ ಅಂದಿನ ಆಸ್ಪತ್ರೆಯ ಪುಸ್ತಕದಲ್ಲಿ ಕೇಡೆಲ್ಲವೂ ಗಾಂಜಾದ ಲೆಕ್ಕಕ್ಕೆ ಬಿದ್ದಂತೆ, ಇಂದಿನ ಫೋನಿನ ಪುಸ್ತಕದಲ್ಲಿ ಉಪಶಮನವೆಲ್ಲವೂ ಗಾಂಜಾದ ಲೆಕ್ಕಕ್ಕೆ ಬೀಳುತ್ತಿದೆಯೆಂಬ ಶಂಕೆಗೆ ಇದು ಬಲವಾದ ಆಧಾರ. ಯಾವುದನ್ನು ಸೇದಿದರೂ, ಸೇದಿದೆನೆಂಬ ನಂಬಿಕೆ ಮತ್ತು ಕಳೆದ ಹೊತ್ತು ಇವೆರಡೇ ಇಳಿಕೆಯ ಬಹುಭಾಗಕ್ಕೆ ಕಾರಣವಾಗಿರಬಹುದು.

ವಾದವು ಇಲ್ಲಿಗೆ ಮುಚ್ಚಿಹೋಗಿಲ್ಲ. ಆದರೆ ಅದರ ಮುಖ ತಿರುಗಿದೆ. ಭಂಗಿಯ ಗ್ರಾಹಕವಿಲ್ಲದ ಇಲಿಗಳು ಒಮ್ಮೆ ಕಲಿತ ಭಯವನ್ನು ಮರೆಯಲಾರವೆಂದು 2002ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಮೇಯರನ ಕ್ರಮದಲ್ಲಿ ರೋಗಿಯು ಮಾಡಬೇಕಾದುದೂ ಭಯವನ್ನು ಮರೆಯಲು ಕಲಿಯುವುದೇ. ಆದುದರಿಂದ ಭಂಗಿಯ ಸತ್ತ್ವವನ್ನು ಮದ್ದಾಗಿ ಅಲ್ಲ, ಆ ಕಲಿಕೆಗೆ ಊರೆಗೋಲಾಗಿ ಕೊಟ್ಟರೆ ಹೇಗೆಂದು ನ್ಯೂಯಾರ್ಕಿನ ಅದೇ ಶೋಧಕರು ನಬಿಲೋನ್ ಎಂಬ ಕೃತಕ ಸತ್ತ್ವವನ್ನು ಪ್ರಯೋಗಿಸಿದರು. ಪರೀಕ್ಷೆಯನ್ನು ಪೂರೈಸಿದವರು 11 ಮಂದಿ. ನಬಿಲೋನನ್ನು ಮಾತ್ರ ಪಡೆದವರಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಭಯವನ್ನು ಎದುರಿಸುವ ಕ್ರಮದೊಡನೆ ಪಡೆದವರಿಗೆ ಕಂಡಿತು. ಆ ಕ್ರಮವೊಂದನ್ನೇ ಪಡೆದ ಮೂರನೆಯ ಗುಂಪು ಅಲ್ಲಿ ಇರಲಿಲ್ಲವಾದುದರಿಂದ, ಗುಣವು ಊರೆಗೋಲಿನದೋ ನಡೆದವನ ಕಾಲಿನದೋ ಎಂಬುದು ಆ ಪರೀಕ್ಷೆಯಿಂದ ತೀರ್ಮಾನವಾಗಲಿಲ್ಲ.